ಇಲ್ಲಿ ಏನನ್ನೂ ಅಂಟಿಸಬಾರದು

ನಾನು ಕೊಲಾಜ್ ಮಾಡುತ್ತೇನೆ ಅಂದರೆ ಮಡಿಕೇರಿಯಲ್ಲಿ ಮೊದಲು ಬರುವ ಪ್ರಶ್ನೆ, "ಯಾವ ಕಾಲೇಜಲ್ಲಿ?"

ಕಾಲೇಜಲ್ಲ ಅಜ್ಜಿ, ಕೊಲಾಜ್, ಹಳೇ ಕಾಗದ ಹರಿದು ಅಂಟಿಸೋದು ಅಂತ ಬಿಡಿಸಿ ಹೇಳಿದೆ. ಪಕ್ಕದ ಮನೆ ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಪಾಪ, ಕೆಲಸ ಸಿಗಲಿಲ್ಲ ಅನ್ನು" ಅಂದರು.

ಮಾತು ಚುಚ್ಚಿತು. ಒಂದು ವಾರ ಗ್ಯಾಲರಿ ಸುತ್ತಿ, ಹೊಸದೇನಾದರೂ ಮಾಡಿಯೇ ಬಿಡೋಣ ಅಂತ ಸೋಮವಾರ ಬೆಳಗ್ಗೆ ಬೆಂಗಳೂರು ಬಸ್ ಹತ್ತಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಗೇಟಿನ ತನಕ ಹೋದೆ. ಸೋಮವಾರ ರಜೆ. ತಪ್ಪು ನನ್ನದೇ. ಮಂಗಳವಾರ ಒಳಗೆ ಹೋಗಿ ಕಣ್ತುಂಬ ನೋಡಿ ಬಂದೆ. ಒಳ್ಳೆಯ ಚಿತ್ರಗಳ ಬಗ್ಗೆ ವಿಡಂಬನೆ ಬರೆಯೋಕೆ ಆಗೋದಿಲ್ಲ, ಹಾಗಾಗಿ ಮುಂದೆ ಹೋಗೋಣ.

ಬುಧವಾರ ನಮ್ಮ ಕಡೆಯ ಒಂದು ರೆಸಾರ್ಟ್. ಬೋರ್ಡಿನಲ್ಲಿ 'ಆರ್ಟ್ ಗ್ಯಾಲರಿ' ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ಜೇನು, ಏಲಕ್ಕಿ, ಹೋಂಮೇಡ್ ಚಾಕಲೇಟ್, ಹಣ್ಣಿನ ವೈನ್. ವೈನಿನ ಮೇಲ್ಗಡೆ ಒಂದು ಚಿತ್ರ: ಕೊಡವರ ಕುಪ್ಯಚೇಲೆ ತೊಟ್ಟ ಗಂಡಸು, ಸೊಂಟದಲ್ಲಿ ಪೀಚೆಕತ್ತಿ, ಹಿಂದೆ ಯಾವುದೋ ಹಿಮದ ಬೆಟ್ಟ. ಕೊಡಗಿಗೆ ಹಿಮ ಎಲ್ಲಿಂದ ಬಂತೋ!

ನನ್ನ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದೆ. ಮ್ಯಾನೇಜರ್ ತುಂಬ ಒಳ್ಳೆಯವರು, ಕಾಫಿ ಕೊಡಿಸಿದರು. "ಸಾರ್, ನಮ್ಮ ಸೋಫಾ ಹಸಿರು. ನೀವೂ ಹಸಿರಲ್ಲೇ ಮಾಡಿ. ಮಧ್ಯೆ ಮಾತ್ರ ಏನೂ ಹಾಕಬೇಡಿ."

"ಯಾಕೆ?"

"ಗೆಸ್ಟು ಅಲ್ಲಿ ನಿಂತು ಸೆಲ್ಫಿ ತಗೋಬೇಕಲ್ವಾ?"

ಹಣದ ಮಾತು ಎತ್ತಿದೆ. ಹೆಸರು ಬರುತ್ತೆ ಅಂದರು. ಹೆಸರು ನನಗೆ ಹುಟ್ಟಿದ ಹದಿನಾರನೇ ದಿನವೇ ಬಂದಿದೆ.

ಅವತ್ತು ರಾತ್ರಿಯೇ ಸಿಟ್ಟಿನಲ್ಲಿ ಮೈದಾ ಗೋಂದು ಕಾಯಿಸಿ ಕೂತೆ. ಜರ್ಮನಿಯ ಕುರ್ಟ್ ಶ್ವಿಟ್ಟರ್ಸ್ ಅನ್ನುವವನು ಟ್ರಾಮ್ ಟಿಕೆಟ್ಟು, ರದ್ದಿ ಚೀಟಿ ಅಂಟಿಸಿಯೇ ದೊಡ್ಡ ಕಲಾವಿದನಾದ. ನೂರು ವರ್ಷ ಆದರೂ ಆ ಚಿತ್ರಗಳು ಉಳಿದಿವೆ. ನಾನೂ ನನ್ನ ಬಸ್ ಟಿಕೆಟ್ ಅಂಟಿಸಿದೆ. ಮೆಷಿನ್ನಿಂದ ಬಂದ ಟಿಕೆಟ್ಟು, ಬೆಳಗಾಗುವಷ್ಟರಲ್ಲಿ ಅಕ್ಷರ ಮಾಯ. ಹೊರಗೆ ಕಕ್ಕಡ ತಿಂಗಳ ಮಳೆ ಬೇರೆ. ಶುಕ್ರವಾರದ ಹೊತ್ತಿಗೆ ಗೋಂದಿಗೆ ಬೂಸ್ಟು ಹಿಡಿದು ಇಡೀ ಚಿತ್ರ ತಾನಾಗಿಯೇ ಹಸಿರಾಯಿತು. ಮ್ಯಾನೇಜರಿಗೆ ಫೋನ್ ಮಾಡೋಣ ಅನ್ನಿಸಿದ್ದು ಸುಳ್ಳಲ್ಲ.

ಬೇಜಾರಾಗಿ ಹಿತ್ತಲಿಗೆ ಹೋದೆ. ಅಜ್ಜಿಯ ಸೌದೆ ಕೊಟ್ಟಿಗೆ ಕಣ್ಣಿಗೆ ಬಿತ್ತು. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾದ ಮೇಣಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತ ಹಗ್ಗ ಬಿಗಿದಿದ್ದ. ಕೊಲಾಜ್ ಬಗ್ಗೆ ಬರೆಯುವವರೆಲ್ಲ ಆ ಚಿತ್ರದಿಂದಲೇ ಶುರು ಮಾಡುತ್ತಾರೆ. ಅಜ್ಜಿಯೂ ಅಚ್ಚಾದ ಬಟ್ಟೆಯನ್ನೇ ಹಾಸಿ, ತೆಂಗಿನ ನಾರಿನ ಹಗ್ಗ ಬಿಗಿದಿದ್ದರು. ಬಟ್ಟೆ ಅಂದರೆ ಫ್ಲೆಕ್ಸು. ಅದರಲ್ಲಿ ಒಬ್ಬ ನಾಯಕರ ಹುಟ್ಟುಹಬ್ಬ. ಹಗ್ಗ ಸರಿಯಾಗಿ ಅವರ ನಗುವಿನ ಮೇಲೆ ಹಾದುಹೋಗಿತ್ತು. ಸುತ್ತ ಶುಭ ಕೋರುವವರ ಮೂವತ್ತೆರಡು ತಲೆ. ದೊಡ್ಡ ಹುದ್ದೆಗೆ ದೊಡ್ಡ ತಲೆ, ವಾರ್ಡಿನವರಿಗೆ ಬಟಾಣಿ ಕಾಳು.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಲ್ಲೇ ನಿಷೇಧ ಬಿದ್ದಿದೆ. 'ಪ್ಲಾಸ್ಟಿಕ್ ಮುಕ್ತ ಕೊಡಗು' ಅಂತ ಬರೆದ ಬ್ಯಾನರನ್ನು ಮುಟ್ಟಿ ನೋಡಿದ್ದೇನೆ, ಅದೂ ಫ್ಲೆಕ್ಸೇ. ಅಜ್ಜಿಗಂತೂ ದೂರಿಲ್ಲ. "ಚುನಾವಣೆ ಬಂದ್ರೆ ಹಂದಿಗೂಡಿಗೂ ಒಂದು ಸಿಗುತ್ತೆ" ಅಂದರು.

ಕೆಲಸ ಸಿಗದವನು ನಾನು. ಕಲಾವಿದೆ ಅವರು.

ಶನಿವಾರ ಪೇಟೆಗೆ ಹೋದೆ. ಒಂದು ಉದ್ದದ ಗೋಡೆಯ ಮೇಲೆ 'ಇಲ್ಲಿ ಭಿತ್ತಿಪತ್ರ ಅಂಟಿಸಬಾರದು' ಅಂತಿದೆಯಂತೆ. 'ಅಂತೆ' ಯಾಕೆಂದರೆ ಈಗ ಕಾಣುವುದು 'ಬಾರದು' ಮಾತ್ರ, ಉಳಿದದ್ದರ ಮೇಲೆ ಪೋಸ್ಟರುಗಳಿವೆ. ಮೂಲವ್ಯಾಧಿಗೆ ಶಾಶ್ವತ ಪರಿಹಾರ, ಅದರ ಮೇಲೆ ಹೋಂಸ್ಟೇ, ಅದರ ಮೇಲೆ ಬಂಗಾರದ ಹರಾಜು, ಅದರ ಮೇಲೆ ಯೋಗ ಶಿಬಿರ. ಮಳೆಗೆ ಎಲ್ಲ ನೆನೆದು ಹರಿದು, ಯೋಗಾಸನ ಹಾಕಿದವರ ಕಾಲ ಕೆಳಗಿಂದ ಮೂಲವ್ಯಾಧಿ ಇಣುಕುತ್ತಿತ್ತು. 1949ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ವಿಲ್‌ಗ್ಲೆ ಗೆಳೆಯನ ಜೊತೆ ಹರಿದ ಪೋಸ್ಟರುಗಳನ್ನು ಗೋಡೆಯಿಂದ ಕಿತ್ತು, ಅದನ್ನೇ ಕಲೆ ಅಂದ. ನಮ್ಮಲ್ಲಿ ಕೀಳುವ ಕಷ್ಟವೂ ಇಲ್ಲ.

ಆಸೆಯಾಯಿತು. ಬೂಸ್ಟು ಹಿಡಿದ ನನ್ನ ಚಿತ್ರವನ್ನೂ ಒಂದು ಮೂಲೆಗೆ ಅಂಟಿಸಿದೆ. ಬ್ರಷ್ ಕೆಳಗಿಟ್ಟಿರಲಿಲ್ಲ, ಒಂದು ಕಚೇರಿಯವರು ಬಂದೇಬಿಟ್ಟರು.

"ಪರ್ಮಿಶನ್ ಇದೆಯಾ?"

"ಇವಕ್ಕೆಲ್ಲ ಇದೆಯಾ ಸಾರ್?"

ಅವರು ಗೋಡೆಯನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಅದರಲ್ಲಿ ಫೋನ್ ನಂಬರ್ ಇದೆ, ಯಾರ್‍ಯಾರದೋ ಫೋಟೋ ಇದೆ. ಯಾರನ್ನ ಕೇಳಬಾರದು ಅಂತ ನಮಗೆ ಗೊತ್ತಾಗುತ್ತೆ. ನಿಮ್ಮದರಲ್ಲಿ ಯಾರೂ ಇಲ್ಲವಲ್ರೀ!"

ತೆರೆದ ಸ್ಥಳಗಳ ಅಂದ ಕೆಡಿಸಬಾರದು ಅಂತ 1981ರ ಕಾಯ್ದೆಯೇ ಇದೆ ಅಂದರು. ಇದೆ, ನಿಜ. ನನ್ನ ಬೂಸ್ಟಿಗೋಸ್ಕರ ಅದು ಇಷ್ಟು ವರ್ಷ ಕಾದಿತ್ತು ಅಂತ ಗೊತ್ತಿರಲಿಲ್ಲ. ಚಿತ್ರ ಕೀಳಿಸಿ, ಮುಂದೆ ಬೇಕಾದರೆ ಇದನ್ನು ತುಂಬಿ ತನ್ನಿ ಅಂತ ಅರ್ಜಿ ಫಾರಂ ಕೊಟ್ಟು ಹೋದರು.

ಭಾನುವಾರ ಕೂತು ತುಂಬಿದೆ. ಬಲಗಡೆ ಪಾಸ್‌ಪೋರ್ಟ್ ಫೋಟೋ ಅಂಟಿಸಬೇಕು. ಕೆಳಗೆ ರೆವಿನ್ಯೂ ಸ್ಟಾಂಪು. ಹಿಂದೆ ಆಧಾರ್ ಜೆರಾಕ್ಸು, ಅದರ ಮೇಲೆ ಅಡ್ಡ ಸಹಿ. ಒಂದು ಕಡೆ ಫೋಟೋ ಸೊಟ್ಟಗಾಯಿತು, ಕಿತ್ತು ಮತ್ತೆ ಅಂಟಿಸಿದೆ, ಹಳೆಯದರ ಕಿವಿ ಅಲ್ಲೇ ಉಳಿಯಿತು. ಒಂದು ಮೂಲೆಗೆ ಕಾಫಿ ಚೆಲ್ಲಿತು.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. "ಇದು ಚೆನ್ನಾಗಿ ಬಂದಿದೆ ಮಗ" ಅಂದರು.

ಅರ್ಜಿ ಕೊಟ್ಟಿಲ್ಲ. ಫ್ರೇಮ್ ಅಂಗಡಿಯಲ್ಲಿದೆ.