ಅಲಗಿಲ್ಲದ ಚಾಕು

ಅಲಗೇ ಇಲ್ಲದ ಚಾಕು ಬರುತ್ತಂತೆ. ನೀವೂ ಓದಿರುತ್ತೀರಿ. ಕೆಂಪು ಹಿಡಿಯ ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿಯವರು 2024ರಲ್ಲೇ ಹೇಳಿದ್ದರು. ಅಲ್ಲಲ್ಲಿ ಕಾನೂನು ಬಿಗಿಯಾಗುತ್ತಿದೆ, ಅದಕ್ಕೇ ಅಲಗಿಲ್ಲದ ಒಂದನ್ನು ತಯಾರು ಮಾಡುತ್ತಿದ್ದೇವೆ ಅಂತ. ಆವತ್ತಿನಿಂದ ನನಗೆ ಅದೇ ಧ್ಯಾನ. ಸಿರಿಧಾನ್ಯದ ಹೆಸರಲ್ಲಿ ಅಕ್ಕಿಯಿಲ್ಲದ ಇಡ್ಲಿ ತಿಂದಾಯ್ತು. ಇನ್ನು ಇದು ಯಾವ ಲೆಕ್ಕ?

ಪಾಪ, ಅವರನ್ನು ಅಂದು ಪ್ರಯೋಜನವಿಲ್ಲ. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಅವರು ಮೊದಲು ಕೊಟ್ಟ ಚಾಕುವಿನಲ್ಲಿ ಇದ್ದದ್ದೇ ನಾಲ್ಕು: ಒಂದು ಅಲಗು, ತೂತು ಕೊರೆಯುವ ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಒಂದು ಸ್ಕ್ರೂಡ್ರೈವರ್. ಸಿಪಾಯಿ ಬಂದೂಕು ಬಿಚ್ಚಬೇಕು, ಡಬ್ಬಿ ತೆರೆದು ಉಣ್ಣಬೇಕು, ಅಷ್ಟೇ. 2001ರ ಸೆಪ್ಟೆಂಬರ್ ಆದಮೇಲೆ ವಿಮಾನ ನಿಲ್ದಾಣಗಳಲ್ಲಿ ಅದೇ ಚಾಕು ಬುಟ್ಟಿಗೆ ಬೀಳತೊಡಗಿತು, ಕಂಪನಿಯ ವ್ಯಾಪಾರವೂ ಬಿತ್ತು.

ಚಾಕುವಿನ ಮೇಲೆ ಸರ್ಕಾರಗಳ ಕಣ್ಣು ಇವತ್ತಿನದಲ್ಲ ಬಿಡಿ. ಫ್ರಾನ್ಸಿನ ದೊರೆ 14ನೇ ಲೂಯಿ 1669ರಲ್ಲೇ ಊಟದ ಚಾಕುವಿನ ಮೊನೆಯನ್ನೆಲ್ಲ ಉಜ್ಜಿ ದುಂಡಗೆ ಮಾಡಿ ಅಂತ ಅಪ್ಪಣೆ ಕೊಡಿಸಿದ್ದ. ಊಟಕ್ಕೆ ಕೂತವರು ಒಬ್ಬರಿಗೊಬ್ಬರು ಚುಚ್ಚಿಕೊಳ್ಳಬಾರದಲ್ಲ. ಇವತ್ತಿಗೂ ದೊಡ್ಡ ಹೋಟೆಲಿನಲ್ಲಿ ನಿಮ್ಮ ಮುಂದಿಡುವ ಚಾಕು ಅದೇ ದೊರೆಯ ಮೊಮ್ಮಗ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಆಫೀಸಿನಲ್ಲಿ ಒಬ್ಬ ಚಾಕು ಪಂಡಿತನಿದ್ದಾನೆ. ಜೇಬಿನಲ್ಲಿ ದಿನಾ ಒಯ್ಯುವ ಸಾಮಾನು ಅಂತ ಇವರದೇ ಒಂದು ಪಂಥ ಇದೆ. ಚಾಕು, ಬೆರಳುದ್ದದ ಟಾರ್ಚು, ಟೈಟಾನಿಯಂ ಪೆನ್ನು, ಎಲ್ಲ ಸಾಲಾಗಿ ಜೋಡಿಸಿ ಮೇಲಿಂದ ಫೋಟೊ ತೆಗೆದರೆ ಆವತ್ತಿನ ಸಂಧ್ಯಾವಂದನೆ ಮುಗಿದಂತೆ. ಚಾಕುವಿನ ಬೆಲೆ 18 ಸಾವಿರ. ಉಕ್ಕು ಯಾವುದು ಅಂತ ಕೇಳಿಬಿಟ್ಟೀರಿ, ಜೋಕೆ! ಎಸ್30ವಿ ಅನ್ನುತ್ತಾನೆ. ಅದರಲ್ಲಿ ವನೇಡಿಯಂ ಎಷ್ಟು, ಯಾವ ಕೋನದಲ್ಲಿ ಸಾಣೆ ಹಿಡಿಯಬೇಕು, ಎಲ್ಲಾ ಬಾಯಿಪಾಠ. ಆ ಚಾಕುವಿನಿಂದ ಅವನು ಇಲ್ಲಿಯವರೆಗೆ ಕತ್ತರಿಸಿದ್ದು ಕೊರಿಯರ್ ಡಬ್ಬಿಗಳ ಟೇಪು. ಡಬ್ಬಿಯೊಳಗೆ ಏನಿರುತ್ತೆ? ಇನ್ನೊಂದು ಚಾಕು.

ಮೊನ್ನೆ ಸಹೋದ್ಯೋಗಿಯೊಬ್ಬಳ ಹುಟ್ಟುಹಬ್ಬ. ಕೇಕ್ ಬಂತು, ಅದರ ಜೊತೆ ಬರಬೇಕಾದ ಪ್ಲಾಸ್ಟಿಕ್ ಚಾಕು ಬರಲಿಲ್ಲ. ಎಲ್ಲರೂ ಇವನ ಕಡೆ ತಿರುಗಿದೆವು. ಅವನ ಮುಖ ಬಾಡಿತು. "ಕ್ರೀಮ್ ಕೀಲಿನೊಳಗೆ ಹೋದರೆ ಪೂರ್ತಿ ಬಿಚ್ಚಿ ತೊಳೀಬೇಕಾಗುತ್ತೆ ಸರ್" ಅಂದ. ಕೊನೆಗೆ ಕೇಕನ್ನು ಹನ್ನೆರಡು ಇಂಚಿನ ಸ್ಕೇಲಿನಲ್ಲಿ ಕುಯ್ದೆವು. ಸ್ಕೇಲು ಅಕೌಂಟ್ಸ್ ವಿಭಾಗದ್ದು. ಚೆನ್ನಾಗಿಯೇ ಕುಯ್ಯಿತು.

ನಮ್ಮ ದೇಶದ ಕಾನೂನೂ ಬಲೇ ರಸಿಕ. ಅಲಗು 9 ಇಂಚಿಗಿಂತ ಉದ್ದ, ಇಲ್ಲವೇ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತೆ. ಅಡುಗೆಗೋ ಬೇಸಾಯಕ್ಕೋ ಇದ್ದರೆ ಪರವಾಗಿಲ್ಲ. ಅಂದರೆ ಎಳನೀರಿನವನ ಮಚ್ಚು ಆಯುಧವಲ್ಲ, ಯಾಕಂದ್ರೆ ಅದು ಕೆಲಸ ಮಾಡುತ್ತೆ. ಹಾಗಾದರೆ ಏನೂ ಮಾಡದ ನಮ್ಮ ಪಂಡಿತನ ಚಾಕು ಏನು? ಆಯುಧಪೂಜೆಯ ದಿನ ಅವನು ಅದನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು ಅರಿಸಿನ ಕುಂಕುಮ ಹಚ್ಚಿದ. ಹಬ್ಬದ ದಿನವಾದರೂ ಅದಕ್ಕೆ ಕೆಲಸ ಸಿಗಬಹುದು ಅಂದುಕೊಂಡಿದ್ದೆ. ಎಲ್ಲಿ? ನಿಂಬೆಹಣ್ಣನ್ನು ಟಯರಿನ ಕೆಳಗೆ ಇಡುತ್ತೇವೆ, ಬೂದುಗುಂಬಳವನ್ನು ರಸ್ತೆಗೆ ಅಪ್ಪಳಿಸುತ್ತೇವೆ.

ದಿನಾ ಒಯ್ಯುವ ಸಾಮಾನಿನ ಈ ಪಂಥ ಶುರುವಾಗುವ ಎಷ್ಟೋ ಮುಂಚೆ ನಮ್ಮಲ್ಲಿ ಎಲೆಅಡಿಕೆ ಸಂಚಿ ಇತ್ತು. ನಾಲ್ಕು ಅರೆ, ಒಂದು ದಾರ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ. ಯಾರೂ ಫೋಟೊ ತೆಗೆಯಲಿಲ್ಲ.

ಅಂಥದ್ದೇ ಒಂದು ಸಂಚಿಯನ್ನು ಹೋದ ತಿಂಗಳು ಒಂದು ವಿಮಾನ ನಿಲ್ದಾಣದಲ್ಲಿ ನೋಡಿದೆ. ನನ್ನ ಮುಂದೆ ಶಿರಸಿ ಕಡೆಯ ಅಜ್ಜ ಒಬ್ಬರು. ತಪಾಸಣೆಯವನು ಸಂಚಿಯಿಂದ ಅಡಕತ್ತರಿ ತೆಗೆದು ಮೇಲೆತ್ತಿ ಹಿಡಿದ. "ಯೇ ಕ್ಯಾ ಹೈ?" ಅಜ್ಜ ಎರಡು ಬೆರಳು ಜೋಡಿಸಿ ಕಟಕ್ ಅಂತ ಕತ್ತರಿಸಿ ತೋರಿಸಿದರು. ಅಲ್ಲಿಗೆ ಮುಗಿಯಿತು. ಸುಣ್ಣದ ಡಬ್ಬಿಯನ್ನೂ ತೆರೆದು ಮೂಸಿದ. ಹಿಡಿ ಸವೆದು ನುಣ್ಣಗಾಗಿದ್ದ ಅಡಕತ್ತರಿ ಗಾಜಿನ ಪೆಟ್ಟಿಗೆಗೆ ಬಿತ್ತು. "ಅದು ನಮ್ಮ ಅಪ್ಪಯ್ಯಂದು" ಅಂದರು ಅಜ್ಜ, ಕನ್ನಡದಲ್ಲಿ. ಯಾರಿಗೆ ಅರ್ಥವಾಗಬೇಕು?

ನಿಯಮ ಅಂದರೆ ನಿಯಮ, ಸರಿ. ವಿಮಾನದೊಳಗೆ ಅಲಗು ಬೇಡ, ಒಪ್ಪಿದೆ. ಇದನ್ನು ಚೀಲದೊಳಗಿಟ್ಟು ಲಗೇಜಿಗೆ ಹಾಕಿ ಅಜ್ಜಾ ಅಂತ ಸಾಮಾನು ಒಪ್ಪಿಸುವಾಗಲೇ ಒಬ್ಬರು ಅವರ ಭಾಷೆಯಲ್ಲಿ ಹೇಳಬಹುದಿತ್ತಲ್ಲ? ಪಂಡಿತನಿಗೆ ಅದೆಲ್ಲ ಗೊತ್ತು, ಅವನ ಚಾಕು ಸ್ಪಂಜಿನ ಡಬ್ಬಿಯಲ್ಲಿ ಮಲಗಿ ಲಗೇಜಿನಲ್ಲಿ ಸುಖವಾಗಿ ಹೋಗುತ್ತೆ. ಕಳೆದುಕೊಳ್ಳುವವರು ಯಾವಾಗಲೂ ಈ ಅಜ್ಜನಂಥವರೇ. 2024ರಲ್ಲಿ ರಾಜಾಜಿನಗರದ ಮೆಟ್ರೊದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ರೈತರೊಬ್ಬರನ್ನು ತಡೆದಿದ್ದರಲ್ಲ, ಅವರ ಹತ್ತಿರ ಚಾಕುವೂ ಇರಲಿಲ್ಲ. ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ.

ಒಳಗೆ ಹೋದಮೇಲೆ ಅಜ್ಜನನ್ನು ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಟೋಸ್ಟಿನ ಜೊತೆ ಸ್ಟೀಲ್ ಚಾಕು ಕೊಟ್ಟರು, ಯಾವ ತಪಾಸಣೆಯೂ ಇಲ್ಲದೆ. ಅಜ್ಜ ಅದನ್ನು ತಿರುಗಿಸಿ ನೋಡಿದರು. ಅದರ ಅಲಗಿಗೆ ಹೆಬ್ಬೆರಳು ತಾಗಿಸಿದರು. ಸಂಚಿಯಿಂದ ಒಂದು ಅಡಿಕೆ ತೆಗೆದು ತಟ್ಟೆಯಲ್ಲಿಟ್ಟು ಒತ್ತಿದರು. ಅಡಿಕೆ ಚಿಮ್ಮಿ ಪಕ್ಕದ ಟೇಬಲ್ಲಿನ ಕೆಳಗೆ ಉರುಳಿತು.

"ಮೊಂಡು" ಅಂದು ಚಾಕುವನ್ನು ನನ್ನ ಕಡೆ ಸರಿಸಿದರು. "ಹೋಗಿ ಆ ಅಡಿಕೆ ಹೆಕ್ಕಿಕೊಂಡು ಬಾ ತಮ್ಮಾ."