ಅವಘಡದ ಸ್ಥಳದಲ್ಲಿ ಒಬ್ಬರದೇ ಆಜ್ಞೆ ನಡೆಯಬೇಕೇ?

ಪ್ರವಾಹ, ಬೆಂಕಿ, ಅನಿಲ ಸೋರಿಕೆಯಂತಹ ಸಂದರ್ಭಗಳಲ್ಲಿ ಕಂದಾಯ, ಪೊಲೀಸ್, ಅಗ್ನಿಶಾಮಕ, ಆರೋಗ್ಯ, ನೀರಾವರಿ ಹಾಗೂ ಜೆಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಸಿಬ್ಬಂದಿಯೆಲ್ಲ ಮೊದಲೇ ಹೆಸರಿಸಲಾದ ಒಬ್ಬ ಅಧಿಕಾರಿಯ ಆದೇಶಕ್ಕೆ ಒಳಪಡಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ಹೊಣೆ ಹೊತ್ತವರಿಗೆ ಅಧಿಕಾರವೂ ಇರಲಿ

ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಬಿಡುವ ನೀರು ಹೆಚ್ಚಿದಾಗ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಕಡದರಗಡ್ಡಿ, ಯಳಗುಂದಿ ಕಡೆಯ ಸಂಪರ್ಕ ಕಡಿದುಹೋಗುತ್ತದೆ. ಇದು ಯಾರೂ ಊಹಿಸದ ಆಪತ್ತಲ್ಲ. ಮಳೆಗಾಲದಲ್ಲಿ ಮತ್ತೆ ಮತ್ತೆ ಬರುವ ಸಂಕಟ. ಆದರೂ ಸೇತುವೆಯ ಮೇಲೆ ನೀರು ಬರುವುದಕ್ಕೆ ಮುಂಚಿನ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸಗಳು ಎಷ್ಟು ಕಡೆ ಹಂಚಿಹೋಗಿವೆ ನೋಡಿ. ನೀರಿನ ಲೆಕ್ಕ ಕೃಷ್ಣಾ ಭಾಗ್ಯ ಜಲ ನಿಗಮದವರಲ್ಲಿದೆ, ಅಣೆಕಟ್ಟೆಯಿರುವುದು ಪಕ್ಕದ ಯಾದಗಿರಿ ಜಿಲ್ಲೆಯಲ್ಲಿ. ದಿನ ತುಂಬಿದ ಗರ್ಭಿಣಿಯರು ಯಾರೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ಪಡಿತರ ಆಹಾರ ಇಲಾಖೆಯದು, ಮೇವು ಪಶುಸಂಗೋಪನಾ ಇಲಾಖೆಯದು, ಬೋಟು ಅಗ್ನಿಶಾಮಕ ದಳದ್ದು, ನದಿ ದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ತೆಗೆಯಬೇಕಾದವರು ಜೆಸ್ಕಾಂನವರು.

ಈ ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿರುವುದೇ ನಿಜವಾದ ತೊಡಕು. ದನಕರುಗಳಿಗೆ ಮೇವಿನ ವ್ಯವಸ್ಥೆ ಆಗಿದೆಯೆಂದು ಕಣ್ಣಾರೆ ಕಾಣುವವರೆಗೆ ನದಿಪಾತ್ರದ ರೈತ ಮನೆ ಬಿಡುವುದಿಲ್ಲ. ಆತ ಹೊರಡದಿದ್ದರೆ ಕಾಳಜಿ ಕೇಂದ್ರದಲ್ಲಿ ಅಡುಗೆ ಮಾಡಿಟ್ಟು ಪ್ರಯೋಜನವಿಲ್ಲ. ಮೇವಿನ ಲಾರಿಯಾದರೋ ಸೇತುವೆ ಬಂದ್ ಆಗುವ ಮೊದಲೇ ದಾಟಬೇಕು. ಹೀಗಿರುವಾಗ ಪ್ರತಿಯೊಂದು ಇಲಾಖೆಯೂ ತನ್ನ ಮೇಲಧಿಕಾರಿಯನ್ನು ಫೋನಿನಲ್ಲಿ ಕೇಳಿ ಹೆಜ್ಜೆಯಿಡುವುದಾದರೆ, ಎಲ್ಲರೂ ತಮ್ಮ ಪಾಲಿನದನ್ನು ಮಾಡಿಯೂ ಜನ ಆಚೆ ದಡದಲ್ಲೇ ಉಳಿಯುವ ಸಾಧ್ಯತೆಯಿದೆ.

ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಜಿಲ್ಲಾ ಪ್ರಾಧಿಕಾರವು ವಾಹನ ಸಂಚಾರ ತಡೆಯಬಹುದು, ಪೀಡಿತ ಪ್ರದೇಶಕ್ಕೆ ಪ್ರವೇಶ ನಿರ್ಬಂಧಿಸಬಹುದು, ಇಲಾಖೆಗಳ ಬಳಿಯಿರುವ ಸಾಮಗ್ರಿಯನ್ನು ಬಳಕೆಗೆ ಕೊಡುವಂತೆ ನಿರ್ದೇಶಿಸಬಹುದು. ಆದರೆ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿ ಆ ಹೊತ್ತಿಗೆ ರಾಯಚೂರಿನಲ್ಲಿ ಮಂತ್ರಿಗಳ ವಿಡಿಯೊ ಸಭೆಯಲ್ಲಿ ಕುಳಿತಿರಬೇಕಾಗಬಹುದು. ಈ ಅಂತರವನ್ನು ತುಂಬಲೆಂದೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಘಟನಾ ಸ್ಪಂದನ ವ್ಯವಸ್ಥೆಯ ಮಾರ್ಗಸೂಚಿಯನ್ನು ಹೊರಡಿಸಿತು. ಜಿಲ್ಲಾಧಿಕಾರಿಯದು ಒಟ್ಟು ಹೊಣೆ, ಸ್ಥಳದಲ್ಲಿ ಆಜ್ಞೆ ಘಟನಾ ಕಮಾಂಡರ್‌ನದು. ಆತನ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ಎಂಬ ಮೂರು ವಿಭಾಗಗಳು. ಒಬ್ಬರ ಕೈಕೆಳಗೆ ನೇರವಾಗಿ ಮೂರರಿಂದ ಏಳು ಜನರಷ್ಟೇ ಇರಬೇಕೆಂಬ ಎಚ್ಚರವೂ ಅದರಲ್ಲಿದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದರಲ್ಲಿನ ಸುರಕ್ಷತಾ ಅಧಿಕಾರಿಯ ಹುದ್ದೆ. ಅಪಾಯಕರವೆಂದು ಕಂಡರೆ ನಡೆಯುತ್ತಿರುವ ಕೆಲಸವನ್ನು ಅಲ್ಲೇ ನಿಲ್ಲಿಸುವ ಅಧಿಕಾರ ಆತನಿಗಿದೆ. 2019ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ್ದ ಪ್ರವಾಸಿಗರನ್ನು ಕರೆತರುವಾಗ ರಕ್ಷಣಾ ಸಿಬ್ಬಂದಿಯಿದ್ದ ದೋಣಿಯೇ ಮಗುಚಿ, ಕೊನೆಗೆ ಹೆಲಿಕಾಪ್ಟರ್‌ಗಳು ಬರಬೇಕಾಯಿತು. ಇಂಥ ಸೆಳವಿನಲ್ಲಿ ದೋಣಿ ಇಳಿಸುವುದು ಬೇಡವೆಂದು ಹೇಳಬಲ್ಲವರು ಯಾರೆಂಬುದು ಮೊದಲೇ ತೀರ್ಮಾನವಾಗಿರಬೇಕು.

ಈಗ ನಮ್ಮಲ್ಲಿರುವುದು ನೋಡಲ್ ಅಧಿಕಾರಿಗಳ ಪಟ್ಟಿ. ತಪ್ಪಾದರೆ ನೋಟಿಸ್ ಬರುವುದು ಅವರಿಗೇ. ಆದರೆ ಇನ್ನೊಂದು ಇಲಾಖೆಯ ಲೈನ್‌ಮನ್‌ನನ್ನು ಕರೆಸುವ ಅಧಿಕಾರವೂ ಅವರಿಗಿಲ್ಲ.

ವಿರೋಧ: ತಿಳಿದವರ ಕೈಯಿಂದ ತೀರ್ಮಾನ ಜಾರಬಾರದು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್‌ನ ಚೈನ್ ಲಿಂಕ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಉಳಿದವುಗಳ ಮೇಲಿನ ಒತ್ತಡ ಇಳಿಸಲು ಇತರ ಗೇಟ್‌ಗಳಿಂದಲೂ ನೀರು ಬಿಡಬೇಕಾಯಿತು. ವಾರದೊಳಗೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆ ಕಿಂಡಿಯನ್ನು ಮುಚ್ಚಿದ್ದು ಜಲಾಶಯ ಗೇಟ್‌ಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ. ಸಾಧಿಸಿದ್ದು ಹುದ್ದೆಯಲ್ಲ, ಅನುಭವ. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನಂತಹ ಕಡೆ ಊದುಕುಲುಮೆಯ ಅನಿಲ ಸೋರಿದರೂ ಇದೇ ಮಾತು: ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದಾಚೆ ಉಸಿರಾಟದ ಉಪಕರಣವಿಲ್ಲದೆ ಕಾಲಿಡಬಾರದು ಎಂಬುದನ್ನು ಪಹಣಿ, ಪಂಚನಾಮೆಗಳಲ್ಲಿ ಪಳಗಿದ ತಹಶೀಲ್ದಾರರು ಕಮಾಂಡರ್ ಆದರೂ ಹೇಳಲಾರರು. ತಜ್ಞರ ಸಲಹೆ ಪಡೆದೇ ಕಮಾಂಡರ್ ಆಜ್ಞೆ ಮಾಡುತ್ತಾರೆಂದು ಪರವಾದಿಗಳು ಹೇಳಬಹುದು. ಸಲಹೆಯನ್ನು ಆಜ್ಞೆಯಾಗಿಸುವುದಕ್ಕೆ ಹಿಡಿಯುವ ಸಮಯವೇ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ.

ಎರಡನೆಯದಾಗಿ, ನಮ್ಮ ಭಾಗದಲ್ಲಿ ನದಿಯೇ ಗಡಿ. ಕಂಪ್ಲಿ–ಗಂಗಾವತಿ ಸೇತುವೆಯ ಒಂದು ತುದಿ ಬಳ್ಳಾರಿ ಜಿಲ್ಲೆಗೆ, ಇನ್ನೊಂದು ತುದಿ ಕೊಪ್ಪಳ ಜಿಲ್ಲೆಗೆ ಸೇರಿದೆ. ಇಲ್ಲಿಯ ಕಮಾಂಡರ್ ಬ್ಯಾರಿಕೇಡ್ ಹಾಕಿಸಿದರೂ ಆಚೆಯ ದಂಡೆಯಿಂದ ಟ್ರ್ಯಾಕ್ಟರ್ ಬರುವುದನ್ನು ತಡೆಯುವ ಅಧಿಕಾರ ಅವರಿಗಿಲ್ಲ. ನೀರು ಬಿಡುವವರಾದರೋ ತುಂಗಭದ್ರಾ ಮಂಡಳಿಯವರು. ಅದರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಪಾಲಿದೆ, ಅಧ್ಯಕ್ಷರ ನೇಮಕ ಕೇಂದ್ರದ್ದು. ಇವರೆಲ್ಲರ ಮೇಲೆ ಯಾವ ಸ್ಥಳನಾಯಕ? ಹಲವು ಜಿಲ್ಲೆಗಳು ಒಳಗೊಂಡಾಗ ಪ್ರದೇಶ ಕಮಾಂಡ್, ಏಕೀಕೃತ ಕಮಾಂಡ್ ಎಂಬ ಇನ್ನೂ ಮೇಲಿನ ಹಂತಗಳನ್ನು ಮಾರ್ಗಸೂಚಿ ಸೂಚಿಸುತ್ತದೆ, ನಿಜ. ಅಲ್ಲಿಗೆ ಒಬ್ಬರ ಆಜ್ಞೆ ಎಂಬುದು ಮತ್ತೊಂದು ಸಮಿತಿಯಾಗಿಯೇ ನಿಲ್ಲುತ್ತದೆ. ಅದಕ್ಕಿಂತ, ಇಷ್ಟು ಕ್ಯುಸೆಕ್ ದಾಟಿದೊಡನೆ ಎರಡೂ ತುದಿಯ ಪೊಲೀಸ್ ಠಾಣೆಗಳು ಯಾರ ಫೋನಿಗೂ ಕಾಯದೆ ಸಂಚಾರ ನಿಲ್ಲಿಸತಕ್ಕದ್ದೆಂಬ ಜಂಟಿ ಲಿಖಿತ ಒಪ್ಪಂದ ಹೆಚ್ಚು ಕೆಲಸ ಮಾಡೀತು.

ವರ್ಗಾವಣೆಯ ವಿಷಯವನ್ನು ಬಿಡುವಂತಿಲ್ಲ. ಜೂನ್‌ನಲ್ಲಿ ಅಣಕು ಕಾರ್ಯಾಚರಣೆ ಮಾಡಿಸಿದವರೇ ಆಗಸ್ಟ್‌ನಲ್ಲಿ ಆ ತಾಲ್ಲೂಕಿನಲ್ಲಿರುತ್ತಾರೆಂಬ ಭರವಸೆ ಈ ರಾಜ್ಯದಲ್ಲಿ ಯಾರಿಗಿದೆ? ಹೊಳೆಯ ಸುಳಿ ಎಲ್ಲಿದೆಯೆಂಬುದು ಬೇಸಾಯಗಾರರಿಗೆ, ಹರಿಗೋಲು ಹಾಕುವವರಿಗೆ ಗೊತ್ತು. ಅವರು ಎಲ್ಲಿಗೂ ವರ್ಗವಾಗುವುದಿಲ್ಲ. ಎಲ್ಲ ತೀರ್ಮಾನವೂ ಮೇಲಿನಿಂದಲೇ ಬರಬೇಕೆಂದು ಅಭ್ಯಾಸ ಮಾಡಿಸಿದರೆ, ಇಂದು ತಾನಾಗಿಯೇ ಡಂಗುರ ಹೊಡೆಸುವ ಪಿಡಿಒ ನಾಳೆ ಆದೇಶದ ಪ್ರತಿ ಕೇಳುತ್ತಾರೆ.

ಇನ್ನೂ ಒಂದು ಆಕ್ಷೇಪ, ಸ್ವಲ್ಪ ಅಹಿತವಾದದ್ದು. 2005ರ ಕಾಯ್ದೆ ಜಿಲ್ಲಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿಯ ಜತೆಗೆ ಚುನಾಯಿತ ಜಿಲ್ಲಾ ಪಂಚಾಯಿತಿ ಅಧ್ಯಕ್ಷರನ್ನು ಸಹ ಅಧ್ಯಕ್ಷರನ್ನಾಗಿ ಕೂರಿಸಿತ್ತು. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ರಾಜ್ಯದಲ್ಲಿ ವರ್ಷಗಟ್ಟಲೆ ಜಿಲ್ಲಾ ಪಂಚಾಯಿತಿ ಚುನಾವಣೆಯೇ ನಡೆಯಲಿಲ್ಲ. ಯಾವ ಊರನ್ನು ಮೊದಲು ಖಾಲಿ ಮಾಡಿಸಬೇಕು, ಯಾರ ಹೊಲದ ಬದಿಯ ಒಡ್ಡು ಒಡೆಯಬೇಕು ಎಂಬ ಪ್ರಶ್ನೆಗಳಲ್ಲಿ ಜನರ ಪರವಾಗಿ ಎದುರು ಮಾತಾಡಬೇಕಾದವರ ಆ ಸ್ಥಾನವನ್ನು ಖಾಲಿಯಿಟ್ಟುಕೊಂಡು, ಉಳಿದ ಅಧಿಕಾರವನ್ನೆಲ್ಲ ಒಬ್ಬ ಅಧಿಕಾರಿಯ ಕೈಗೆ ಕೊಡುವುದನ್ನು ನಾನು ಒಪ್ಪಲಾರೆ.