ಕೊಳ ಖಾಲಿ ಮಾಡಬೇಡಿ, ಸುಣ್ಣವಂತೂ ಬೇಡವೇ ಬೇಡ

ಕಾಡಿನ ಬೆಂಕಿಯ ಬೂದಿ ಬಿದ್ದ ಕೂಡಲೇ ಹಿತ್ತಲ ಕೊಳದ ನೀರನ್ನೆಲ್ಲ ತೆಗೆದು ಹೊಸ ನೀರು ತುಂಬಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದೊಂದನ್ನು ನಾನು ಒಪ್ಪುವುದಿಲ್ಲ. ನಮ್ಮ ಶಿರಸಿ ಕಡೆ ಬೆಟ್ಟಕ್ಕೆ ಬೆಂಕಿ ಬೀಳುವುದೇ ಬೇಸಿಗೆಯಲ್ಲಿ. ಆಗ ತೋಟಕ್ಕೇ ನೀರು ಸಾಲದು. ಅದೂ ಅಲ್ಲದೆ ನೀರು ಒಮ್ಮೆಲೇ ಬದಲಾದರೆ ಆ ಆಘಾತಕ್ಕೇ ಮೀನು ಸಾಯಬಹುದು.

ಎರಡು ವರ್ಷದ ಹಿಂದೆ ನಮ್ಮ ಮನೆ ಮೇಲಿನ ಬೆಟ್ಟ ಸುಟ್ಟಾಗ ನಾನು ಬೇರೆಯೇ ತಪ್ಪು ಮಾಡಿದೆ. ನೀರು ಶುದ್ಧವಾಗಲಿ ಎಂದು ಸುಣ್ಣ ಹಾಕಿದೆ. ಬೆಳಿಗ್ಗೆ ನೋಡಿದರೆ ಕಾಟ್ಲಾ ಮೀನುಗಳು ತೇಲುತ್ತಿದ್ದವು. ಇಂದಿಗೂ ಬೇಜಾರಾಗುತ್ತದೆ. ಬೂದಿಯೂ ಕ್ಷಾರ, ಸುಣ್ಣವೂ ಕ್ಷಾರ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ, ಅಲ್ವಾ? 25 ಡಿಗ್ರಿ ನೀರಿನಲ್ಲಿ ಪಿಎಚ್ (ಕ್ಷಾರ ಹೆಚ್ಚಿದಷ್ಟೂ ಏರುವ ಅಳತೆ) 7 ಇದ್ದರೆ ಅದರಲ್ಲಿ ವಿಷವಾಗುವ ಪಾಲು ಶೇ 1ಕ್ಕಿಂತ ಕಡಿಮೆ. ಪಿಎಚ್ 9ಕ್ಕೆ ಏರಿತೋ, ಮೂರನೇ ಒಂದು ಪಾಲಿಗಿಂತ ಜಾಸ್ತಿ!

ಈಗ ಹೊಗೆ ಕಂಡರೆ ಸಾಕು, ಅಡಿಕೆ ಸಸಿಗೆ ಕಟ್ಟುವ ನೆರಳು ಬಲೆಯನ್ನು ಕೊಳದ ಮೇಲೆ ಎಳೆದು, ಅದರ ಮೇಲೆ ಹಳೆಯ ಪಂಚೆ ಹಾಸುತ್ತೇವೆ. ತೇಲುವ ಬೂದಿಯನ್ನು ತಳ ಸೇರುವ ಮೊದಲೇ ಬಟ್ಟೆಯಲ್ಲಿ ಸೋಸಿ ತೆಗೆಯುತ್ತೇವೆ. ಎರಡು ದಿನ ಮೀನಿಗೆ ಆಹಾರ ಹಾಕುವುದಿಲ್ಲ. ನೀರು ಬದಲಿಸುವುದು ದಿನಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ.

ಇನ್ನೊಂದು ಮಾತು. ಲೇಖನದಲ್ಲಿ ಮೊದಲ ಮಳೆಯ ವಿಷಯವೇ ಇಲ್ಲ. ಸುಟ್ಟ ಗುಡ್ಡದ ಬೂದಿಯೆಲ್ಲ ಅದೇ ನೀರಿನಲ್ಲಿ ಇಳಿದು ಬರುತ್ತದೆ. ಕೊಳದ ಮೇಲುಗಡೆ ಈಗಲೇ ಒಂದು ಸಣ್ಣ ಕಾಲುವೆ ಕಡಿದು ನೀರನ್ನು ಪಕ್ಕಕ್ಕೆ ತಿರುಗಿಸಿ. ಮಾಡಿನ ನೀರು ಕೊಳಕ್ಕೆ ಬೀಳುತ್ತಿದ್ದರೆ ಆ ಪೈಪನ್ನೂ ಮಳೆಗೆ ಮೊದಲೇ ತಪ್ಪಿಸಿಡಿ.